ಕೆಚ್ಚೋ ಮಾವನೂ ರಷ್ಯಾದ ಒಬ್ಬಂಟಿಯೂ

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ತೋರುಬೆರಳಿನಲ್ಲೂ ಇರಲಿಲ್ಲ. ಬಂಡೆಗೆ ಉಜ್ಜಿದ ಹುಣಸೆ ಬೀಜದ ಹಾಗೆ ಎರಡೂ ಸವೆದು ನುಣ್ಣಗಾಗಿದ್ದವು. ಉಗುರಿನ ಸಂದಿಯಲ್ಲಿ ಮಾತ್ರ ಬಿಳಿ ಬೂದಿ, ಎಷ್ಟು ತೊಳೆದರೂ ಹೋಗದ್ದು. ರೇಷನ್ ಅಂಗಡಿಗೆ ಬೆರಳಚ್ಚಿನ ಯಂತ್ರ ಬಂದ ತಿಂಗಳು ಅದು ಅವರ ಹೆಬ್ಬೆರಳನ್ನು ನಾಲ್ಕು ಸಲ ಬೇಡವೆಂದಿತು. ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅವರು ಕೂಗಿದರಂತೆ: "ನೋಡ್ರಪ್ಪಾ, ನಾನು ನಾನಲ್ವಂತೆ! ಸರ್ಕಾರಾನೇ ಹೇಳ್ಬಿಡ್ತು. ಇನ್ಮೇಲೆ ಯಾರು ಬೈದ್ರೂ ನಂಗೆ ತಾಗಲ್ಲ." ಕೊನೆಗೆ ಕಿರುಬೆರಳು ಒತ್ತಿ ಅಕ್ಕಿ ತಂದರು.

ಇಷ್ಟು ಬರೆದು ಅಮ್ಮನಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ, "ಬಲಗೈ ಅಲ್ಲ ಕಣೋ, ಎಡಗೈ. ಅವರು ಎಡಚ" ಅಂದಳು.

"ನಾನೇ ನೋಡಿದ್ದೀನಲ್ಲಮ್ಮ."

"ನೀನು ಪುಸ್ತಕ ನೋಡ್ಕೊಂಡು ಕೂತಿರ್ತಿದ್ದೆ. ಟೀ ಲೋಟ ಕೊಡ್ತಿದ್ದೋಳು ನಾನು."

ಮೊದಲ ಸಾಲಿನಲ್ಲೇ ಹೀಗಾಯಿತು. ಮುಂದಿನದನ್ನು ಓದುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಉಳಿದಿರುವುದು ಒಂದೇ, ಯಾರು ಕತೆ ಹೇಳಿದರೂ ಪೂರ್ತಿ ನಂಬಬಾರದು ಅನ್ನುವುದು. ಹೇಳುವವನು ನಾನೇ ಆದಾಗ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಕೆಚ್ಚೋ ಮಾವ ಅನ್ನುತ್ತಿದ್ದರು. ನಮಗೆ ಅವರು ಯಾವ ಕಡೆಯಿಂದಲೂ ಮಾವ ಆಗಬೇಕಿರಲಿಲ್ಲ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ನೇಯ್ದು ಮುಗಿಯುತ್ತ ಬಂದಾಗ, ಉಳಿದ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಒಂದೊಂದು ಹಾಸಿನಲ್ಲೂ ಸಾವಿರಾರು ಎಳೆ. ಎರಡು ತುದಿ ಹಿಡಿದು, ಬೆರಳಿಗೆ ಬೂದಿ ಮುಟ್ಟಿಸಿ, ಒಂದು ಸಲ ಹೊಸೆದುಬಿಟ್ಟರೆ ಎರಡೂ ಒಂದಾಗುತ್ತಿದ್ದವು. ಇದಕ್ಕೆ ಕೆಚ್ಚುವುದು ಅನ್ನುತ್ತಾರೆ. ಅಪ್ಪನ ಶೆಡ್ಡಿನಲ್ಲಿ ನಾಲ್ಕು ಮಗ್ಗ. ಯಾವುದರಲ್ಲಿ ಹಾಸು ಮುಗಿದರೂ ಮಾವ ಬರುತ್ತಿದ್ದರು. ಮಗ್ಗದ ಹಿಂದೆ, ಎಳೆಗಳ ಸಂದಿಗೆ ತಲೆ ತೂರಿಸಿಕೊಂಡು ಕೂತರೆ ಸಂಜೆಯವರೆಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಪಕ್ಕದ ಮೂರು ಮಗ್ಗಗಳು ನಿಲ್ಲುತ್ತಿರಲಿಲ್ಲ, ಕಿವಿಯ ಹತ್ತಿರವೇ ಪಟಪಟ ಬಡಿಯುತ್ತಿರುತ್ತಿದ್ದವು.

ಅವರು ಹೊಸೆದ ಯಾವ ಎಳೆಯೂ ಸೀರೆಯಲ್ಲಿ ಕಾಣುವುದಿಲ್ಲ. ಹೊಸೆದ ಜಾಗವನ್ನು ಅಚ್ಚಿನಿಂದ, ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಿಂದ, ಈಚೆಗೆ ಎಳೆದುಕೊಂಡ ಮೇಲೆಯೇ ಹೊಸ ಸೀರೆಯ ನೇಯ್ಗೆ. ಆ ತುಂಡನ್ನು ಕತ್ತರಿಸಿ ಬಿಸಾಡುತ್ತಾರೆ. ಇದನ್ನು ಒಂದು ಸಲ ನಾನು ಬಹಳ ದೊಡ್ಡ ಸಂಗತಿ ಕಂಡುಹಿಡಿದವನ ಹಾಗೆ ಅವರ ಮುಂದೆಯೇ ಹೇಳಿದ್ದೆ. "ಮಾವ, ನಿಮ್ಮ ಕೆಲಸ ಎಲ್ಲಾ ತಿಪ್ಪೆಗೆ ಹೋಗತ್ತಲ್ಲ." ನನ್ನ ಮುಖವನ್ನೇ ನೋಡುತ್ತಿದ್ದ ಅವರು, "ಊಟಾನೂ ಹೋಗತ್ತೆ. ಅದಕ್ಕೆ ಬಿಟ್ಬಿಟ್ಯಾ?" ಅಂದರು.

ಅವರದೇ ಒಂದು ಅಭ್ಯಾಸವಿತ್ತು, ಬೇರೆ ಕೆಚ್ಚುವವರಲ್ಲಿ ನಾನು ನೋಡಿಲ್ಲ. ಕೊನೆಯ ಒಂದು ಎಳೆಯನ್ನು ಅವರು ಸೇರಿಸುತ್ತಿರಲಿಲ್ಲ. ಅಮ್ಮನನ್ನೋ ಅಪ್ಪನನ್ನೋ ಕರೆದು, ಬೂದಿಯ ಡಬ್ಬಿ ಮುಂದಿಟ್ಟು, "ಇದು ಮನೆಯೋರದ್ದು" ಅನ್ನುತ್ತಿದ್ದರು. ಅಮ್ಮ ನಾಚಿಕೊಂಡು ಹೊಸೆಯುತ್ತಿದ್ದಳು. ಅದು ಸಡಿಲವಾಗಿದ್ದರೆ ಅವರು ಏನೂ ಹೇಳದೆ ಇನ್ನೊಂದು ಸಲ ಹೊಸೆದು ಎದ್ದುಹೋಗುತ್ತಿದ್ದರು.

ಇಷ್ಟು ಮೃದುವಾದವರು ಅಂದುಕೊಳ್ಳಬೇಡಿ. ಊರಿಗೆಲ್ಲ ಅವರು ಸಿಡುಕ. ಏನು ಕೇಳಿದರೂ ಅಡ್ಡ ಉತ್ತರ. "ಊಟ ಆಯ್ತಾ ಮಾವ" ಅಂದರೆ, "ನೀವೆಲ್ಲಾ ಒಂದೇ ಕಣ್ರೋ" ಅಂದು ನಡೆದುಬಿಡುತ್ತಿದ್ದರು. ಟೀ ಅಂಗಡಿಯಲ್ಲಿ ಯಾವಾಗಲೂ ಒಂದೇ ಜಾಗ. ಬೆನ್ನು ಗೋಡೆಗೆ, ಎಲ್ಲರ ಮುಖವೂ ಕಾಣುವ ಮೂಲೆ. ಯಾರನ್ನೂ ನಂಬದವರು ಹಾಗೆ ಕೂರುತ್ತಾರೆಂದು ನಾನು ಎಲ್ಲೋ ಓದಿದ್ದೆ. ಭಾನುವಾರ ಮಾಕಳಿದುರ್ಗ ಹತ್ತಲು ಬೆಂಗಳೂರಿನಿಂದ ಬೈಕಿನಲ್ಲಿ ಬಂದ ಹುಡುಗರು ಆ ಅಂಗಡಿಯಲ್ಲಿ ದಾರಿ ಕೇಳಿದರೆ, "ಯಾಕ್ರಪ್ಪಾ, ನಿಮ್ಮನೇಲಿ ಮೆಟ್ಲು ಇಲ್ವಾ?" ಅನ್ನುವರು. ಮದುವೆಗೆ ಹೋಗುತ್ತಿರಲಿಲ್ಲ, ನಾಮಕರಣಕ್ಕೂ ಹೋಗುತ್ತಿರಲಿಲ್ಲ. ಸಾವಿಗೆ ಮಾತ್ರ ತಪ್ಪದೆ ಹೋಗುತ್ತಿದ್ದರು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಹಿಂದಿನ ಬೀದಿಯವರೊಬ್ಬರು ಮಗಳ ಮದುವೆಯ ಕಾರ್ಡು, ಕುಂಕುಮದ ಬಟ್ಟಲು ಹಿಡಿದು ಶೆಡ್ಡಿಗೆ ಬಂದರು. ಮಗ್ಗಗಳ ಸದ್ದಿನಲ್ಲಿ ಅಪ್ಪನ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದರು. ಮಾವ ಅತ್ತ ಬೆನ್ನು ಮಾಡಿ ನೇಯುವ ಹುಡುಗನಿಗೆ ಏನೋ ಕೂಗುತ್ತಿದ್ದರು. ಕರೆಂಟು ಹೋಯಿತು. ಓಡುತ್ತಿದ್ದ ಮೂರೂ ಮಗ್ಗ ಗಪ್ಪೆಂದವು. ಆ ನಿಶ್ಶಬ್ದದಲ್ಲಿ ಮಾವನ ದನಿಯೊಂದೇ ಉಳಿಯಿತು: "...ಅರ್ಧ ಜನ ಬರೋದೇ ಹೋಳಿಗೆ ತಿನ್ನೋಕೆ! ಹುಡುಗಿ ಹೆಸರೇನು ಅಂತ ಕೇಳು, ಒಬ್ನಿಗಾದ್ರೂ ಗೊತ್ತಿದ್ರೆ ಹೇಳು!" ಅಷ್ಟಕ್ಕೇ ನಿಲ್ಲಿಸಲಿಲ್ಲ. ಕರೆಂಟು ಹೋದದ್ದೇ ತಿಳಿಯದವರ ಹಾಗೆ, ಅದೇ ಎತ್ತರದ ದನಿಯಲ್ಲಿ ಇನ್ನೂ ಎರಡು ಮಾತು ಕೂಗಿದರು. ಅಪ್ಪ ಎದುರಿಗೆ ಹೋಗಿ ಕೈ ಆಡಿಸಿದ ಮೇಲೆ ತಿರುಗಿ ನೋಡಿದರು. ಕಾರ್ಡು ಹಿಡಿದವರ ಮುಖ ಕೆಂಪಾಗಿತ್ತು. ಇನ್ನೊಬ್ಬರಾಗಿದ್ದರೆ ಕ್ಷಮೆ ಕೇಳುತ್ತಿದ್ದರು. ಮಾವ, "ನಿಮ್ಮದನ್ನೂ ಸೇರ್ಸೇ ಹೇಳಿದ್ದು" ಅಂದರು. ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಇದು ನಗುವ ಕತೆಯಾಗಿತ್ತು. ನಾನೇ ಎಷ್ಟೋ ಸಲ ಅಭಿನಯ ಮಾಡಿ ತೋರಿಸಿದ್ದೇನೆ.

ನಾನು ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ಎಂ.ಎ. ಮಾಡುತ್ತಿದ್ದ ಕಾಲ. ಮಾವನ ಬಾಯಲ್ಲಿ ನನ್ನ ಹೆಸರೇ ಎಂ.ಎ. ಆಗಿತ್ತು. ಪ್ರಬಂಧಕ್ಕೆ ನಾನು ತೆಗೆದುಕೊಂಡದ್ದು ಹಳೆಯ ರಷ್ಯನ್ ಕತೆಗಳ ಒಂದು ಬಗೆಯ ನಿರೂಪಕನನ್ನು. ಜನರಿಂದ ದೂರ ಒಂದು ಕೋಣೆಯಲ್ಲಿ ಕೂತು, ಆ ಜನರ ಜೊತೆಗೇ ಜಗಳ ಆಡುತ್ತ ಕತೆ ಹೇಳುವವನು. ಅವನಿಗೆ ಯಾರೂ ಬೇಡ, ಯಾರಿಗೂ ಅವನು ಬೇಡ. ತರಗತಿಯಲ್ಲಿ ಇದನ್ನು ಪರಕೀಯತೆ ಅನ್ನುತ್ತಿದ್ದರು. ಒಂದು ಶನಿವಾರ ಶೆಡ್ಡಿನಲ್ಲಿ ನೂಲಿನ ಮೂಟೆಯ ಮೇಲೆ ಕೂತು ಅಂಥದೊಂದು ಪುಸ್ತಕ ಓದುತ್ತಿದ್ದೆ. ಮಾವ ಕೈ ಚಾಚಿ ತೆಗೆದುಕೊಂಡು ಹಾಳೆಗಳನ್ನು ಮೂಸಿದರು.

"ಇವನು ನಂಗೊತ್ತು" ಅಂದರು.

ಅವರ ಹರೆಯದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಪುಸ್ತಕದ ವ್ಯಾನು ಬರುತ್ತಿತ್ತಂತೆ. ರಷ್ಯಾದ ಪುಸ್ತಕಗಳು ಕನ್ನಡದಲ್ಲಿ, ಗಟ್ಟಿ ರಟ್ಟು, ಕಡಲೆಕಾಯಿಗಿಂತ ಅಗ್ಗ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮಾವ ಅವುಗಳನ್ನು ಕೊಂಡು ಓದಿದ್ದರು. ನಾನು ನಂಬಲಿಲ್ಲ. ಪರೀಕ್ಷೆ ಮಾಡುವವನ ಹಾಗೆ, "ಹಾಗಾದ್ರೆ ಹೇಳಿ, ಎಂಥೋನು ಇವನು?" ಅಂದೆ.

ಅವರು ಕೆಲಸ ನಿಲ್ಲಿಸಿ, ಬೂದಿಯ ಕೈಯನ್ನು ಮಂಡಿಯ ಮೇಲಿಟ್ಟು, ನನ್ನ ಮುಖವನ್ನೇ ದಿಟ್ಟಿಸಿದರು. ಬೇರೆ ಯಾರು ಮಾತಾಡಿಸಿದರೂ ಎಳೆಯಿಂದ ಕಣ್ಣು ತೆಗೆಯದವರು ನನ್ನ ಜೊತೆ ಮಾತ್ರ ಹೀಗೆ ಮಾಡುತ್ತಿದ್ದರು. ಆ ನೋಟ ನನಗೆ ತಿರಸ್ಕಾರದ್ದೆಂದು ಕಾಣುತ್ತಿತ್ತು. ಇವನು ಓದಿ ಕೆಟ್ಟ ಅನ್ನುವ ನೋಟ.

"ನೀನು ಹೇಳು ಮೊದ್ಲು, ಎಂ.ಎ.ನೋನು."

ಹೇಳಿದೆ. ಅಹಂಕಾರಿ, ಮನಸ್ಸು ಕೆಟ್ಟವನು, ಎಲ್ಲರನ್ನೂ ದ್ವೇಷಿಸುತ್ತಾನೆ, ಇವನ ರೋಗಕ್ಕೆ ಇವನೇ ಕಾರಣ ಎಂದೆಲ್ಲ.

"ಅವನಿರೋ ರೂಮು ಎಷ್ಟಗಲ?"

"ರೂಮು ಯಾಕೆ ಮಾವ?"

"ಹೇಳೋ. ಆಫೀಸಲ್ಲಿ ಅವನ ಮೇಲಿನೋನು ಅವನ್ನ ಏನಂತ ಕರೀತಾನೆ? ಬೀದೀಲಿ ಎದುರಿಗೆ ಬಂದ್ರೆ ಯಾರು ಪಕ್ಕಕ್ಕೆ ಸರೀತಾರೆ, ಅವನಾ, ಆಚೆ ಕಡೆಯೋನಾ? ಇದೆಲ್ಲ ಬರ್ಕೊಂಡಿದ್ದೀಯಾ?"

ಬರೆದುಕೊಂಡಿರಲಿಲ್ಲ. ಅವರು ಮತ್ತೆ ಎಳೆಗಳ ಕಡೆ ತಿರುಗಿ, ತುಂಡಾದ ಒಂದನ್ನು ಎತ್ತಿ ತೋರಿಸಿ ಹೇಳಿದರು: "ಎಳೆ ಸುಮ್‌ಸುಮ್ನೆ ತುಂಡಾಗಲ್ಲ ಕಣೋ. ಎಲ್ಲೋ ಬಿಗಿ ಜಾಸ್ತಿ ಆಗಿರತ್ತೆ. ತುಂಡಾಗಿದ್ದನ್ನ ಬೈಯೋಕೆ ಮುಂಚೆ ಮಗ್ಗ ನೋಡು."

ನನ್ನ ಪ್ರಬಂಧ ನಿಂತದ್ದು ಇದೇ ಮಾತಿನ ಮೇಲೆ. ಆ ನಿರೂಪಕ ಹುಟ್ಟಾ ಒಂಟಿಯಲ್ಲ, ಅವನನ್ನು ಒಂಟಿ ಮಾಡಿದ ಒಂದು ಊರಿದೆ, ಕಚೇರಿಯಿದೆ, ಮೇಲು ಕೀಳಿನ ಮೆಟ್ಟಿಲುಗಳಿವೆ, ಅವನನ್ನು ಓದುವುದೆಂದರೆ ಅವನ ಸಮಾಜವನ್ನು ಓದುವುದು. ಎಳೆ ಮತ್ತು ಬಿಗಿಯ ಮಾತನ್ನು ಹಾಗೇ ಎತ್ತಿ ಮೊದಲ ಅಧ್ಯಾಯದಲ್ಲಿ ಹಾಕಿದೆ, ನನ್ನದೇ ಎನ್ನುವ ಹಾಗೆ. ಮಾರ್ಗದರ್ಶಕರು ಅದರ ಕೆಳಗೆ ಗೆರೆ ಎಳೆದು ಚೆನ್ನಾಗಿದೆ ಎಂದು ಬರೆದರು. ಆಮೇಲೆ ಎಷ್ಟು ಸಲ ಅದನ್ನು ನನ್ನದೆಂದು ಹೇಳಿದೆನೋ, ಒಂದು ಹಂತದಲ್ಲಿ ನನಗೇ ಅನುಮಾನ ಬಂತು. ರೂಮಿನ ಅಗಲ ಕೇಳಿದ್ದು ಅವರಾ, ನಾನಾ?

ಆ ಶನಿವಾರದ್ದು ಇನ್ನೊಂದು ನೆನಪಿದೆ, ಇದರಲ್ಲಿ ಅನುಮಾನವಿಲ್ಲ, ಯಾಕೆಂದರೆ ಅಪ್ಪ ನನ್ನನ್ನು ಬೈದರು. ಸಂಜೆ ಕೊನೆಯ ಎಳೆಗೆ ಅಮ್ಮನನ್ನು ಕರೆದಾಗ ಹಳೆಯ ಹಾಸಿನ ಕಡೆ ಒಂದೂ ಉಳಿದಿರಲಿಲ್ಲ, ಹೊಸದರ ಕಡೆ ಒಂದು ಉಳಿದಿತ್ತು. ಅಂದರೆ ಎಲ್ಲೋ ಮಧ್ಯದಲ್ಲಿ ಒಂದು ಹಳೆಯ ಎಳೆ ತಪ್ಪಿದೆ, ಅಲ್ಲಿಂದ ಈಚೆಗೆ ಎಲ್ಲವೂ ಒಂದೊಂದು ಸ್ಥಾನ ಜರುಗಿವೆ. ಹಾಗೇ ಬಿಟ್ಟರೆ ಹಾಸು ಮುಗಿಯುವವರೆಗೆ ಪ್ರತಿ ಸೀರೆಯಲ್ಲೂ ಒಂದು ಉದ್ದ ಗೆರೆ ಬರುತ್ತದೆ. ಮಾವ ಅಂಥ ತಪ್ಪು ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಅವರು ಮತ್ತೆ ಕೂತು ತಪ್ಪಿದ ಜಾಗ ಹುಡುಕಿದರು. ಮರುದಿನವೂ ಬಂದು, ಅಲ್ಲಿಂದ ಎಲ್ಲವನ್ನೂ ಬಿಚ್ಚಿ ಮತ್ತೆ ಕೆಚ್ಚಿದರು.

"ಇವನು ರಷ್ಯಾ ಗಿಷ್ಯಾ ಅಂತ ತಲೆ ತಿಂದಿದ್ದಕ್ಕೇ ಆಗಿದ್ದು" ಅಂದರು ಅಪ್ಪ.

ಮಾವ ಅಪ್ಪನ ಕಡೆ ನೋಡಿ, "ಹುಡುಗಂದೇನಿಲ್ಲ. ನಾನೇ ಆ ಕಡೆ ನೋಡ್ತಾ ಕೂತ್ಬಿಟ್ಟೆ" ಅಂದರು.

ನಾಲ್ಕೈದು ವರ್ಷದ ಮೇಲೆ ನಾನು ಊರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದಾಗ ಒಂದು ದಿನದ ವಿಚಾರ ಸಂಕಿರಣ ನಡೆಯಿತು. ನನ್ನ ಸರದಿ ಊಟಕ್ಕೆ ಮುಂಚೆ. ವಿದ್ಯಾರ್ಥಿಗಳು ಆಕಳಿಸುತ್ತಿದ್ದರು. ರಷ್ಯಾ ದೂರವಾಯಿತೆಂದು ಅನಿಸಿ, ಬರೆದುಕೊಂಡಿದ್ದನ್ನು ಬದಿಗಿಟ್ಟು, "ಅಷ್ಟು ದೂರ ಯಾಕೆ ಹೋಗಬೇಕು, ನಮ್ಮೂರಲ್ಲೇ ಒಬ್ಬರಿದ್ದಾರೆ" ಅಂದೆ. ಟೀ ಅಂಗಡಿಯ ಮೂಲೆ, ಮದುವೆಯ ಕಾರ್ಡು, ಊಟ ಆಯ್ತಾ ಅಂದರೆ ಬೈಯುವುದು, ಎಲ್ಲವನ್ನೂ ದನಿ ಸಮೇತ ಮಾಡಿ ತೋರಿಸಿದೆ. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅರ್ಧ ಹುಡುಗರು ಮಗ್ಗದ ಮನೆಯವರೇ. ಸಭೆ ಬಿದ್ದು ಬಿದ್ದು ನಕ್ಕಿತು. "ಇವರು ಯಾರ ಜೊತೆಗೂ ಸೇರದವರು, ಯಾರಿಗೂ ಬೇಡದವರು. ಆದರೆ ನೆನಪಿಡಿ, ಎಳೆ ಸುಮ್ಮನೆ ತುಂಡಾಗುವುದಿಲ್ಲ" ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಆಗ ಕಣ್ಣು ಹಿಂದಿನ ಸಾಲಿಗೆ ಹೋಯಿತು.

ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಮಾವ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರಟು. ನಾನು ನೋಡುತ್ತಿದ್ದಂತೆ ಎದ್ದು ಹೊರಗೆ ಹೋದರು.

ಅವರನ್ನು ಕರೆದವರು ಯಾರು? ನಾನೇ ಕರೆದಿದ್ದೆ ಅನ್ನುತ್ತಾಳೆ ಅಮ್ಮ. "ಬನ್ನಿ ಮಾವ, ನಿಮ್ಮ ರಷ್ಯಾದೋನ ಬಗ್ಗೆ ಮಾತಾಡ್ತೀನಿ, ಅಂತ ನೀನೇ ಇಲ್ಲೇ ಜಗಲಿ ಮೇಲೆ ನಿಂತು ಹೇಳಿದ್ದೆ." ನನಗೆ ನೆನಪಿಲ್ಲ. ನೆನಪಿಲ್ಲದಿರುವುದೇ ನನಗೆ ಅನುಕೂಲ, ಆದ್ದರಿಂದ ಅಮ್ಮ ಹೇಳಿದ್ದೇ ನಿಜ ಇರಬೇಕು.

ಆಮೇಲೆ ಅವರು ನಮ್ಮ ಶೆಡ್ಡಿಗೆ ಬಂದದ್ದು ಕಡಿಮೆ. ನನ್ನ ಮಾತಿಗೆ ನೊಂದು ಬಿಟ್ಟರು ಅಂದುಕೊಂಡೆ. ಆದರೆ ಅದೇ ವರ್ಷ ಊರಿಗೆ ಎಳೆಗಳಿಗೆ ತಾನೇ ಗಂಟು ಹಾಕುವ ಯಂತ್ರ ಬಂದಿತ್ತು, ಅಪ್ಪ ಎರಡು ಮಗ್ಗ ನಿಲ್ಲಿಸಿದ್ದರು. ಯಾವುದು ಕಾರಣ, ಯಾವುದು ನೆಪ, ಬೇರೆ ಮಾಡಲು ನನಗೆ ಆಗಲಿಲ್ಲ. ಹೋಗಿ ಕೇಳಬಹುದಿತ್ತು. ಅವರ ಮನೆ ಎರಡು ಬೀದಿ ಆಚೆ. ಕೇಳುವ ಬದಲು ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟೆ. ದೂರದಲ್ಲಿ ಬಿಳಿ ಶರಟು ಕಂಡರೆ ಅಂಗಡಿಯೊಳಗೆ ನುಗ್ಗಿ ಬೇಡದ ಸಾಬೂನು ಕೊಳ್ಳುತ್ತಿದ್ದೆ.

ಆಮೇಲೆ ಕೆಲಸ ಸಿಕ್ಕ ದೇವನಹಳ್ಳಿಯ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನೇರ ಎದುರಿಗೇ ಸಿಕ್ಕಿಬಿಟ್ಟರು. ದಾಬಸ್‌ಪೇಟೆಯ ಮಗಳ ಮನೆಗೆ ಹೊರಟಿದ್ದರೆಂದು ಕಾಣುತ್ತದೆ, ಕೈಯಲ್ಲಿ ಬ್ಯಾಗಿತ್ತು. ಹತ್ತಿರ ಬಂದು, ಎಂದಿನಂತೆ ಮುಖವನ್ನೇ ದಿಟ್ಟಿಸಿ, "ಏನಪ್ಪಾ ಎಂ.ಎ., ನಿಂತ್ಕೊಳ್ಳೋ ಒಂದ್ನಿಮಿಷ. ಅವತ್ತು ಕಾಲೇಜಲ್ಲಿ..." ಅಂದರು.

"ಬಸ್ ಬಂತು ಮಾವ" ಅಂದವನೇ ಹೊರಡುತ್ತಿದ್ದ ಬಸ್ಸಿಗೆ ಹತ್ತಿದೆ. ಅದು ದೇವನಹಳ್ಳಿಯದಲ್ಲ, ನಮ್ಮ ತಾಲ್ಲೂಕಿನ ಮಧುರೆ ಹಳ್ಳಿಯ ಬಸ್ಸು. ಕಂಡಕ್ಟರ್ ಟಿಕೆಟ್ ಕೇಳಿದಾಗಲೇ ಗೊತ್ತಾದದ್ದು. ಇಳಿಯಬಹುದಿತ್ತು, ಆದರೆ ಬಸ್ಸು ಇನ್ನೂ ಸ್ಟ್ಯಾಂಡಿನ ತಿರುವಿನಲ್ಲಿತ್ತು, ಅವರು ಅಲ್ಲೇ ನಿಂತಿದ್ದರು. ಮಧುರೆಯವರೆಗೂ ಹೋದೆ. ಅಲ್ಲಿ ರಾಗಿ ಹೊಲದ ಬದುವಿನ ಪಕ್ಕ ವಾಪಸ್ ಬಸ್ಸಿಗೆ ಕಾಯುತ್ತ, ಅವರು ಕೇಳಬಹುದಾದ ಪ್ರಶ್ನೆಗೆ ಹತ್ತು ಉತ್ತರ ಸಿದ್ಧ ಮಾಡಿದೆ. ಕಾಲೇಜಿಗೆ ಹೋಗಲಾಗಲಿಲ್ಲ.

ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಮಗಳ ಮನೆಯಲ್ಲಿ, ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಕೂತಿದ್ದವರು ಹಾಗೇ. ಅಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಇನ್ನು ಆ ಬೀದಿಯಲ್ಲಿ ನಡೆಯಬಹುದು ಅನ್ನಿಸಿತು. ಬರೆಯಲು ನಾಚಿಕೆಯಾದರೂ ಇದರಲ್ಲಿ ನೆನಪಿನ ಮೋಸವಿಲ್ಲ.

ತಿಥಿ ಎಲ್ಲ ಮುಗಿದ ಮೇಲೆ ಮಗಳು ಇಲ್ಲಿನ ಮನೆ ಖಾಲಿ ಮಾಡಲು ಬಂದಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ನಾವೆಲ್ಲ ಅಕ್ಕ ಅನ್ನುವುದು. ಹೋದೆ. ಒಳಗೆ ಎರಡು ರಟ್ಟಿನ ಪೆಟ್ಟಿಗೆ, ಒಂದರ ತುಂಬ ಪುಸ್ತಕ. ರಷ್ಯಾದವು ಮೇಲೇ ಇದ್ದವು, ಅಂಚುಗಳಲ್ಲಿ ಬೂದಿಯ ಬೆರಳಿನ ಗುರುತು. ಗೆರೆಯಿಲ್ಲದ ಗುರುತು. ಬಾಗಿಲ ಬಳಿಯೇ ನಿಂತು, ಒಂದೇ ಉಸಿರಿಗೆ, "ಅಕ್ಕ, ಕಾಲೇಜಲ್ಲಿ ಮಾವನ ಮುಂದೇನೇ ಅವರ ಬಗ್ಗೆ ಮಾತಾಡ್ಬಿಟ್ಟಿದ್ದೆ. ಅವರಿಗೆ ಬಹಳ ನೋವಾಗಿರ್ಬೇಕು" ಅಂದೆ.

ಅಕ್ಕನಿಗೆ ಅರ್ಥವಾಗಲಿಲ್ಲ. "ಕೇಳಿಸಿದ್ರೆ ತಾನೇ ನೋವಾಗೋದು?"

"ಅಂದ್ರೆ?"

"ಅಪ್ಪಂಗೆ ಕಿವಿ ಎಲ್ಲಿ ಕೇಳ್ತಿತ್ತೋ? ನಿಂಗೆ ಗೊತ್ತಿರ್ಲಿಲ್ವಾ?" ನನ್ನ ಮುಖ ನೋಡಿ ಪೆಟ್ಟಿಗೆಯ ಮೇಲೆ ಕೂತರು. "ನಾನು ಮದ್ವೆಯಾಗಿ ಹೋಗೋಕೆ ಮುಂಚೇನೇ ಅರ್ಧ ಹೋಗಿತ್ತು. ಮೂವತ್ತು ವರ್ಷ ಮಗ್ಗದ ಸಂದೀಲಿ ತಲೆ ಇಟ್ಕೊಂಡು ಕೂತಿದ್ದೋರು, ಉಳಿಯತ್ತಾ?"

"ನನ್ನ ಜೊತೆ ಅಷ್ಟೊಂದು ಮಾತಾಡ್ತಿದ್ರಲ್ಲಕ್ಕ?"

"ಬಾಯಿ ನೋಡ್ತಿದ್ರು. ನಿಂದು ಚೆನ್ನಾಗಿ ತಿಳಿಯತ್ತೆ ಅಂತಿದ್ರು. ಮೇಷ್ಟ್ರ ಥರ ಬಿಡಿಸಿ ಬಿಡಿಸಿ ಮಾತಾಡ್ತಾನೆ, ಊರಲ್ಲಿ ಅವನೊಬ್ಬನ ಹತ್ರ ಪೂರ್ತಿ ಮಾತು ಸಿಗತ್ತೆ ಅಂತ."

ಒಂದೊಂದಾಗಿ ನೆನಪಾದವು. ಟೀ ಅಂಗಡಿಯ ಮೂಲೆ, ಎಲ್ಲರ ಬಾಯಿಯೂ ಕಾಣುವ ಜಾಗ. ಕರೆಂಟು ಹೋದರೂ ನಿಲ್ಲದ ಕೂಗು. ಊಟ ಆಯ್ತಾ ಅಂದದ್ದಕ್ಕೆ ಸಂಬಂಧವಿಲ್ಲದ ಉತ್ತರ. ಗದ್ದಲದ ಮದುವೆಗಳು. ಆ ಶನಿವಾರ ತಪ್ಪಿದ ಒಂದು ಎಳೆ. ಅವರು ನನ್ನ ಬಾಯಿ ಓದುತ್ತಿದ್ದ ಹೊತ್ತಿನಲ್ಲಿ ತಪ್ಪಿದ್ದು.

ಅಕ್ಕ ಬೂದಿಯ ಡಬ್ಬಿ ತೆಗೆದು ತೋರಿಸಿದರು. ಒಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ಕಿವಿಗೆ ಹಾಕುವ ಮಿಷನ್. "ನಾನೇ ಕೊಡಿಸಿದ್ದೆ. ಎರಡು ದಿನ ಹಾಕಿದ್ರು. ಮಗ್ಗಾನೇ ತಲೆ ಒಳಗೆ ಬಂದು ಕೂತ್ಕೊಳ್ಳತ್ತೆ ಕಣಮ್ಮ ಅಂತ ತೆಗೆದಿಟ್ಬಿಟ್ರು. ಜನಕ್ಕೆ ಹೇಳ್ಬಿಡೋಣ ಕಣಪ್ಪ, ಕೇಳಲ್ಲ ಅಂತ, ಅಂದ್ರೆ ಒಪ್ಪಲಿಲ್ಲ. ಏನಂದ್ರು ಗೊತ್ತಾ? ಕಿವುಡ ಅಂತ ಗೊತ್ತಾದ್ರೆ ಯಾರೂ ಮಾತೇ ಆಡ್ಸಲ್ಲ. ಸಿಡುಕ ಅಂದ್ಕೊಂಡ್ರೆ ಜಗಳ ಆಡೋಕಾದ್ರೂ ಬರ್ತಾರೆ."

ನಾನು ಇನ್ನೂರು ಪುಟ ಬರೆದಿದ್ದೆ. ಕೋಣೆಯಲ್ಲಿ ಕೂತು ಲೋಕದ ಜೊತೆ ಜಗಳವಾಡುವ ಆ ಮನುಷ್ಯ ಯಾಕೆ ಜಗಳವಾಡುತ್ತಾನೆ ಎಂದು. ಅವನು ಯಾರನ್ನೋ ಮಾತಿನಲ್ಲಿ ಹಿಡಿದಿಟ್ಟುಕೊಳ್ಳಲು ನೋಡುತ್ತಿರಬಹುದು ಎಂದು ಆ ಇನ್ನೂರರಲ್ಲಿ ಒಂದು ಸಾಲಿಲ್ಲ. ಸಮಾಜ ಅವನನ್ನು ಹಾಗೆ ಮಾಡಿತು ಎಂದು ಬರೆಯುವಾಗ ನನಗೆ ಸಮಾಜ ಅಂದರೆ ರಷ್ಯಾದ ಕಚೇರಿಗಳು. ಮಾವನ ಕಿವಿಯ ಪಕ್ಕ ಬಡಿಯುತ್ತಿದ್ದ ಮೂರು ಮಗ್ಗಗಳು ನಮ್ಮವು. ಅವುಗಳ ದುಡಿಮೆಯಲ್ಲೇ ನಾನು ಎಂ.ಎ. ಓದಿದ್ದು. ತುಂಡಾದದ್ದನ್ನು ಬೈಯುವ ಮುಂಚೆ ಮಗ್ಗ ನೋಡು ಅಂದಿದ್ದರು. ನಾನು ಕೂತಿದ್ದದ್ದು ಮಗ್ಗದ ಎದುರಿಗೇ.

"ಹಾಗಾದ್ರೆ ಅವತ್ತು ಕಾಲೇಜಿಗೆ..." ಅಂದೆ.

"ಬಂದಿದ್ರು. ನಾನೂ ಊರಲ್ಲೇ ಇದ್ದೆ ಅವತ್ತು. ಶರಟು ನಾನೇ ಇಸ್ತ್ರಿ ಮಾಡ್ಕೊಟ್ಟೆ. ಬಂದು ಪೇಚಾಡ್ಕೊಂಡ್ರು, ಹಿಂದೆ ಕೂತ್ಬಿಟ್ಟೆ, ಹುಡುಗನ ಬಾಯೇ ಕಾಣ್ಲಿಲ್ಲ ಅಂತ. ಏನೋ ತಮಾಷೆ ಹೇಳ್ದ, ಎಲ್ರೂ ನಕ್ರು, ನಾನೂ ನಕ್ಕೆ, ಅಂದ್ರು."

ನನ್ನ ನೆನಪಿನಲ್ಲಿ ಅವರು ನಗುವುದಿಲ್ಲ. ಎದ್ದು ಹೋಗುತ್ತಾರೆ, ಅಷ್ಟೇ. ನಗುವುದನ್ನು ಸೇರಿಸಿ ನೋಡಲು ಆಮೇಲೆ ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಸುತ್ತಲಿನ ಮುಖಗಳನ್ನು ನೋಡಿ, ಅವರು ನಕ್ಕ ಮೇಲೆ ಒಂದು ಕ್ಷಣ ತಡವಾಗಿ, ತಮ್ಮ ಮೇಲೆಯೇ ಮಾಡಿದ ತಮಾಷೆಗೆ ನಗುವ ಮಾವ. ಕೆಲವೊಮ್ಮೆ ಕಾಣುತ್ತದೆ. ಕಂಡದ್ದು ನೆನಪೋ, ಅಕ್ಕನ ಮಾತು ಕೇಳಿದ ಮೇಲೆ ನಾನು ಕಟ್ಟಿಕೊಂಡದ್ದೋ ಗೊತ್ತಾಗುವುದಿಲ್ಲ.

"ಆಮೇಲೆ ಎಷ್ಟು ಸಲ ಅಂದ್ರು, ಅವನ್ನ ಕೇಳ್ಬೇಕು ಅವತ್ತು ಏನು ಹೇಳ್ದೆ ಅಂತ. ಸಿಕ್ಕಾಗೆಲ್ಲಾ ಬಸ್ ಹಿಡಿಯೋ ಅರ್ಜೆಂಟಲ್ಲಿ ಇರ್ತಾನಂತೆ." ಅಕ್ಕ ನಕ್ಕರು. ಆಮೇಲೆ ನನ್ನ ಕಡೆ ನೋಡಿ, "ಈಗ ಹೇಳು, ಏನು ಹೇಳಿದ್ದೆ?" ಅಂದರು.

ಮಧುರೆಯ ಹೊಲದ ಬದುವಿನಲ್ಲಿ ಸಿದ್ಧ ಮಾಡಿದ್ದ ಹತ್ತು ಉತ್ತರಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಸುಳ್ಳು ಹೇಳಬಹುದಿತ್ತು. ನಿಮ್ಮಪ್ಪ ದೊಡ್ಡ ಓದುಗರು ಅಂದೆ ಅಂತ ಹೇಳಿದ್ದರೆ ಪರೀಕ್ಷಿಸುವವರು ಯಾರೂ ಇರಲಿಲ್ಲ. ನಡೆದದ್ದನ್ನೇ ಹೇಳಿದೆ. ಅಭಿನಯ ಮಾಡಿದ್ದು, ಹುಡುಗರು ನಕ್ಕಿದ್ದು, ಯಾರ ಜೊತೆಗೂ ಸೇರದವರು, ಯಾರಿಗೂ ಬೇಡದವರು ಅಂದದ್ದು, ಅವರ ಮಾತನ್ನೇ ನನ್ನದೆಂದು ಹೇಳಿ ಚಪ್ಪಾಳೆ ತೆಗೆದುಕೊಂಡದ್ದು.

ಅಕ್ಕ ಬೂದಿಯ ಡಬ್ಬಿಯ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು. ಸಿಟ್ಟಾಗುತ್ತಾರೆ ಅಂದುಕೊಂಡೆ, ಆಗಿದ್ದರೆ ಸುಲಭವಾಗುತ್ತಿತ್ತು.

"ಯಾರ ಜೊತೆಗೂ ಸೇರದೋರು ಅಂದ್ಯಾ?" ಅಂದರು. "ಈ ಊರಲ್ಲಿ ಅಪ್ಪ ಕೂತು ಕೆಚ್ಚದೆ ಇರೋ ಶೆಡ್ಡು ಒಂದು ತೋರ್ಸು ನೋಡೋಣ."

ಬೇರೆ ಏನಾದರೂ ಕೇಳಬೇಕೆಂದು, "ಅಕ್ಕ, ಮಾವ ಹೊಸೀತಿದ್ದದ್ದು ಯಾವ ಕೈಲಿ, ಬಲಗೈಲಾ ಎಡಗೈಲಾ?" ಅಂದೆ.

"ಎರಡರಲ್ಲೂ. ಬಲಗೈ ಚರ್ಮ ಹೋಗಿ ಉರಿ ಬಂತು ಅಂತ ಆಮೇಲಾಮೇಲೆ ಎಡಗೈಲಿ ಕಲ್ತುಕೊಂಡ್ರು. ಯಾಕೆ?"

"ಸುಮ್ನೆ."

ಪುಸ್ತಕಗಳಲ್ಲಿ ಒಂದನ್ನು ತೆಗೆದುಕೊಂಡು ಹೋಗು ಅಂದರು. ತಂದಿದ್ದೇನೆ. ಪ್ರಬಂಧದ ನನ್ನ ಪ್ರತಿಯಲ್ಲಿ, ಮಾರ್ಗದರ್ಶಕರು ಗೆರೆ ಎಳೆದಿರುವ ಆ ಮಾತಿನ ಪಕ್ಕ, ಇದು ಹೇಳಿದ್ದು ಕೆಚ್ಚೋ ಮಾವ ಎಂದು ಪೆನ್ನಿನಲ್ಲಿ ಬರೆದಿದ್ದೇನೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ಪ್ರತಿಯಲ್ಲಿ ಅದು ಈಗಲೂ ನನ್ನದೇ.

ನಾನು ಈಗಲೂ ಪಾಠ ಮಾಡುತ್ತೇನೆ, ತಮಾಷೆಯನ್ನೂ ಮಾಡುತ್ತೇನೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಕೊನೆಯ ಬೆಂಚಿನಲ್ಲಿ ಒಬ್ಬರು, ಅಕ್ಕಪಕ್ಕ ನೋಡಿ, ತಡವಾಗಿ ನಗುತ್ತಾರೆ. ಪ್ರತಿ ತರಗತಿಯಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ. ಮೊದಲೆಲ್ಲ ನಾನು ನೋಡಿರಲೇ ಇಲ್ಲ. ಈಗ ವೇದಿಕೆಯಿಂದ ಇಳಿದು, ಆ ಬೆಂಚಿನವರೆಗೆ ನಡೆದು, ಎದುರಿಗೆ ನಿಂತು, ಅದೇ ಮಾತನ್ನು ಬಿಡಿಸಿ ಬಿಡಿಸಿ ಇನ್ನೊಂದು ಸಲ ಹೇಳುತ್ತೇನೆ.